ಕೂಗರ್ ಬೇಟೆಯ ಮೊದಲ ಪಾಠಗಳು

ಉತ್ತರ ಅಮೆರಿಕದ ಪಶ್ಚಿಮ ಸೀಮೆಯಲ್ಲಿ, ರಾಕಿ ಪರ್ವತಗಳ ಹಿಮಾವೃತವಾದ ಕಣಿವೆಗಳು ಮೊದಲ್ಗೊಂಡು ಅರಿಜೋನಾದ ಬೋಳುಬಂಡೆಯ ಕಮರಿಗಳವರೆಗೆ, ಕೂಗರ್ ಎಂದೂ ಪೂಮಾ ಎಂದೂ ಬೆಟ್ಟದ ಸಿಂಹವೆಂದೂ ಕರೆಯಿಸಿಕೊಳ್ಳುವ ಮಹಾಮಾರ್ಜಾಲವನ್ನು ಬೇಟೆಯಾಡುವ ವಿದ್ಯೆಯು ಗ್ರಂಥಸ್ಥವಾಗುವುದಕ್ಕೆ ಎಷ್ಟೋ ಮುಂಚೆಯೇ ಹಿರಿಯನ ಬಾಯಿಂದ ಕಿರಿಯನ ಕಿವಿಗೆ ಹರಿದುಬರುತ್ತಿದ್ದಿತು. ಈ ಕಸುಬಿಗೆ ಹೊಸದಾಗಿ ಇಳಿದವನಿಗೆ ಅನುಭವಿಯಾದ ಬೇಟೆಗಾರನು ಹೇಳಿಕೊಡುತ್ತಿದ್ದ ಮಾತುಗಳಲ್ಲಿ ಕೋವಿಗೆ ದೊರೆಯುತ್ತಿದ್ದ ಸ್ಥಾನವು ಅತ್ಯಲ್ಪವಾದುದು. ಹಿಮ, ಹೆಜ್ಜೆ, ಗಾಳಿ, ಎಲ್ಲಕ್ಕಿಂತ ಮಿಗಿಲಾಗಿ ನಾಯಿ, ಇವೇ ಅವನ ಪಾಠದ ಬಹುಭಾಗವನ್ನು ಆಕ್ರಮಿಸಿಕೊಂಡಿರುತ್ತಿದ್ದುವು. ಮಲೆನಾಡಿನ ಶಿಕಾರಿಯ ಕಥೆಗಳನ್ನು ಕೇಳಿ ಬೆಳೆದವರಿಗೆ ಇದು ವಿಚಿತ್ರವಾಗಿ ತೋರಬಹುದು. ನಮ್ಮಲ್ಲಿ ಹಿಂದೆ ಹುಲಿಯ ಬೇಟೆಯೆಂದರೆ ಮರದ ಮೇಲಿನ ಅಟ್ಟಣೆ, ಕೆಳಗೆ ಕಟ್ಟಿದ ಕರು, ಇಲ್ಲವೆ ತಮಟೆ ಬಡಿದು ಕಾಡನ್ನು ಸೋಯುವ ಜನಸಮೂಹ. ಮನುಷ್ಯನು ಮೇಲೆ ಕುಳಿತು, ಮೃಗವು ಕೆಳಗೆ ಬರುವುದನ್ನು ಕಾಯುವುದು ಇಲ್ಲಿಯ ಕ್ರಮವಾಗಿದ್ದಿತು. ಅಲ್ಲಿಯಾದರೋ ಮರವನ್ನು ಏರುವುದು ಮೃಗ, ಕೆಳಗೆ ನಿಂತು ಮೇಲೆ ನೋಡುವವನು ಮನುಷ್ಯ.

ಈ ವಿಪರ್ಯಾಸಕ್ಕೆ ಕಾರಣವು ಕೂಗರಿನ ಶರೀರಧರ್ಮದಲ್ಲಿಯೇ ಅಡಗಿದೆ. ಕೆನಡಾದ ಯೂಕಾನ್ ಪ್ರಾಂತದಿಂದ ದಕ್ಷಿಣ ಚಿಲಿಯವರೆಗೆ ಹಬ್ಬಿರುವ ಈ ಪ್ರಾಣಿಯು ತನಗಿಂತ ಎಷ್ಟೋ ದೊಡ್ಡದಾದ ಎಲ್ಕ್ ಎಂಬ ಕಡವೆಯಂತಹ ಮೃಗವನ್ನೂ ಒಂಟಿಯಾಗಿ ಕೆಡವಬಲ್ಲುದು. ಇದು ವಾಸಿಸುವ ಬೆಟ್ಟಗಳಲ್ಲಿಯೇ ಆಯುಷ್ಯವೆಲ್ಲವನ್ನೂ ಕಳೆದ ದನಗಾಹಿಗಳು ಇದನ್ನು ಒಮ್ಮೆಯೂ ಕಣ್ಣಾರೆ ಕಾಣದಿರುವುದುಂಟು. ಆದರೆ ಇದರ ಓಟವು ಕ್ಷಣಿಕವಾದುದು. ಮಿಂಚಿನಂತೆ ನೆಗೆಯಬಲ್ಲ ಈ ದೇಹಕ್ಕೆ ದೀರ್ಘಕಾಲ ಓಡುವ ಉಸಿರಿಲ್ಲ. ಬೊಗಳುವ ನಾಯಿಗಳ ತಂಡವು ಬೆನ್ನುಹತ್ತಿದೊಡನೆ, ಒಂದೇ ಪೆಟ್ಟಿನಿಂದ ನಾಯಿಯೊಂದನ್ನು ಕೊಲ್ಲಬಲ್ಲ ಮೃಗವು ಸಮೀಪದ ಮರವನ್ನೋ ಕಡಿದಾದ ಬಂಡೆಯ ಅಂಚನ್ನೋ ಏರಿ ನಿಂತುಬಿಡುತ್ತದೆ. ಸಹಸ್ರಾರು ವರ್ಷಗಳ ಕಾಲ ತೋಳಗಳ ಹಿಂಡುಗಳೊಡನೆ ಒಂದೇ ನೆಲದಲ್ಲಿ ಬಾಳಿದುದರಿಂದ ಬಂದ ಸ್ವಭಾವವಿದು ಎಂದು ಪ್ರಾಣಿಶಾಸ್ತ್ರಜ್ಞರು ಊಹಿಸುತ್ತಾರೆ. ಕೂಗರ್ ಬೇಟೆಯ ಶಾಸ್ತ್ರವೆಲ್ಲವೂ ಈ ಒಂದು ದೌರ್ಬಲ್ಯದ ಮೇಲೆಯೇ ಕಟ್ಟಿದುದಾಗಿದೆ.

ಶಿಷ್ಯನ ಮೊದಲ ಪಾಠವು ಹೆಜ್ಜೆಯ ಓದು. ರಾತ್ರಿ ಹಿಮ ಬಿದ್ದು ನಿಂತ ಮರುದಿನ ಬೆಳಗಿನ ಜಾವವೇ ಅದಕ್ಕೆ ಪ್ರಶಸ್ತವಾದ ಕಾಲ. ಬೆಕ್ಕಿನ ಜಾತಿಯಾದುದರಿಂದ ನಡೆಯುವಾಗ ಉಗುರು ಒಳಗೆ ಸೇರಿರುತ್ತದೆ, ಆದುದರಿಂದ ಅಚ್ಚಿನಲ್ಲಿ ಉಗುರಿನ ಗುರುತು ಮೂಡದು. ಅಂಗಾಲಿನ ಹಿಂಬದಿಯ ಅಂಚು ಮೂರು ಉಬ್ಬುಗಳಾಗಿ ಒಡೆದಿರುತ್ತದೆ. ಇಷ್ಟರಿಂದ ನಾಯಿ, ತೋಳಗಳ ಹೆಜ್ಜೆಯನ್ನು ಬೇರ್ಪಡಿಸಬಹುದು. ಅಂಚುಗಳು ಹರಿತವಾಗಿವೆಯೋ, ಕುಸಿದು ಮೃದುವಾಗಿವೆಯೋ, ಅಚ್ಚಿನೊಳಗೆ ಹೊಸ ಹಿಮದ ಹುಡಿಯು ತುಂಬಿದೆಯೋ ಎಂಬುದನ್ನು ನೋಡಿ ಮೃಗವು ಹಾದುಹೋಗಿ ಎಷ್ಟು ಹೊತ್ತಾಯಿತೆಂಬುದನ್ನು ನಿರ್ಣಯಿಸತಕ್ಕುದು. ನಾಯಿಗಳನ್ನು ಬಿಡುವ ಮೊದಲು ಬೆರಳುಗಳು ಯಾವ ದಿಕ್ಕಿಗೆ ಮುಖಮಾಡಿವೆಯೆಂದು ಬಗ್ಗಿ ನೋಡಬೇಕೆಂಬ ಉಪದೇಶವು ಕೇಳುವುದಕ್ಕೆ ಬಾಲಿಶವಾಗಿದ್ದರೂ, ಉತ್ಸಾಹದ ಭರದಲ್ಲಿ ಅದನ್ನು ಮರೆತ ಹೊಸಬರ ನಾಯಿಗಳು ಜಾಡನ್ನು ಹಿಂದುಹಿಂದಾಗಿ ಹಿಡಿದು, ಕೂಗರು ಹೊರಟುಬಂದ ಸ್ಥಳದ ಕಡೆಗೆ ಸಂಭ್ರಮದಿಂದ ಓಡಿಹೋಗುವುದುಂಟು. ಅರಿಜೋನಾ, ನ್ಯೂ ಮೆಕ್ಸಿಕೋಗಳ ಒಣನೆಲದಲ್ಲಿ ಹಿಮದ ಈ ಪುಸ್ತಕವೂ ಇಲ್ಲ. ಸೂರ್ಯನ ತಾಪಕ್ಕೆ ವಾಸನೆಯು ಆರಿಹೋಗುವ ಮುನ್ನವೇ, ಬಂಡೆಯ ಮೇಲೆ ಉಳಿದ ಅಲ್ಪಗಂಧವನ್ನು ಹಿಡಿದು ಸಾಗಬಲ್ಲ ನಾಯಿಯಿದ್ದರೆ ಮಾತ್ರ ಬೇಟೆ.

ಇನ್ನು ನಾಯಿಯ ಶಿಕ್ಷಣ; ಇದೇ ವಿದ್ಯೆಯ ಹೃದಯ. ಮರಿನಾಯಿಯನ್ನು ಪಳಗಿದ ಮುದಿನಾಯಿಯ ಜೊತೆಯಲ್ಲಿ ಬಿಟ್ಟು ಕಲಿಸುವುದು ಸನಾತನವಾದ ಪದ್ಧತಿ. ಕಲಿಸಬೇಕಾದುದರಲ್ಲಿ ಅತ್ಯಂತ ಕಷ್ಟವಾದುದು ಕೂಗರಿನ ವಾಸನೆಯನ್ನು ಹಿಡಿಯುವುದಲ್ಲ, ಅದನ್ನು ಮೂಗು ತಾನಾಗಿಯೇ ಮಾಡುತ್ತದೆ. ಕಷ್ಟವಾದುದು ಜಿಂಕೆಯ ವಾಸನೆಯನ್ನು ಬಿಡುವುದು. ಕೂಗರ್ ಇರುವ ಕಾಡೆಲ್ಲವೂ ಜಿಂಕೆಯ ಕಾಡೇ ಆಗಿರುವುದರಿಂದ, ಹೆಜ್ಜೆಹೆಜ್ಜೆಗೂ ಎದುರಾಗುವ ಆ ಸುಲಭವಾದ ಪ್ರಲೋಭನವನ್ನು ಜಯಿಸದ ನಾಯಿಯು ಎಷ್ಟೇ ಶೂರವಾಗಿದ್ದರೂ ನಿಷ್ಪ್ರಯೋಜಕವೆಂದೇ ಬೇಟೆಗಾರರು ಎಣಿಸುತ್ತಿದ್ದರು. ಸುಳ್ಳು ಹೇಳದ ನಾಯಿ ಎಂಬುದು ಅವರ ಬಾಯಿಂದ ಬರುತ್ತಿದ್ದ ಅತ್ಯುನ್ನತವಾದ ಪ್ರಶಂಸೆ: ಜಾಡು ನಿಜವಾಗಿ ಇದ್ದಾಗ ಮಾತ್ರ ಬಾಯಿಬಿಡುವ, ಇಲ್ಲದಿದ್ದಾಗ ಮೌನವಾಗಿರುವ ನಾಯಿಯೆಂದು ಅದರ ಅರ್ಥ. ಶಿಷ್ಯನ ಕಿವಿಗೂ ಶಿಕ್ಷಣವು ಅವಶ್ಯಕ. ಜಾಡಿನಲ್ಲಿ ಓಡುವ ನಾಯಿಯ ಕೂಗು ಉದ್ದವಾಗಿ, ಎಳೆದಂತೆ ಇರುತ್ತದೆ; ಮೃಗವು ಮರವನ್ನೇರಿದೊಡನೆ ಅದೇ ನಾಯಿಯ ದನಿಯು ಕತ್ತರಿಸಿದಂತೆ ಮೊಟಕಾಗಿ, ಒಂದೇ ಸಮನೆ ಬಡಿಯತೊಡಗುತ್ತದೆ. ಎರಡು ಗುಡ್ಡಗಳಾಚೆಯಿಂದ ಈ ವ್ಯತ್ಯಾಸವನ್ನು ತಿಳಿಯಲಾರದವನು ದಿನವೆಲ್ಲಾ ಕಮರಿಗಳಲ್ಲಿ ಅಲೆದು ಬರಿಗೈಯಲ್ಲಿ ಹಿಂತಿರುಗತಕ್ಕುದೇ.

ಮರದ ಬುಡಕ್ಕೆ ಬಂದ ಮೇಲೆ ಹೇಳುವುದು ಹೆಚ್ಚೇನೂ ಇಲ್ಲ. ಸದ್ದಿಲ್ಲದೆ ಸಮೀಪಿಸಬೇಕು, ಏಕೆಂದರೆ ನಾಯಿಗಳಿಗೆ ಅಂಜಿ ಏರಿದ ಮೃಗವು ಮನುಷ್ಯನನ್ನು ಕಂಡೊಡನೆ ಧುಮುಕಿ ಮತ್ತೆ ಓಡುವ ಸಂಭವವುಂಟು. ನಾಯಿಗಳನ್ನು ಹಿಡಿದು ಕಟ್ಟದೆ ಗುಂಡು ಹಾರಿಸಬಾರದು, ಏಕೆಂದರೆ ಗಾಯಗೊಂಡ ಕೂಗರು ಅವುಗಳ ನಡುವೆ ಬಿದ್ದರೆ ವರ್ಷಗಳ ಶ್ರಮದಿಂದ ತಯಾರಾದ ನಾಯಿಯು ಕ್ಷಣದಲ್ಲಿ ನಾಶವಾಗುತ್ತದೆ. ಕೊಂಬೆಯ ಮೇಲೆ ಕದಲದೆ ಕುಳಿತ ಪ್ರಾಣಿಗೆ ಕೆಲವೇ ಮಾರುಗಳ ದೂರದಿಂದ ಗುರಿಯಿಡುವುದರಲ್ಲಿ ಪರಾಕ್ರಮವನ್ನು ಕಾಣುವುದು, ನನ್ನ ಮಟ್ಟಿಗಂತೂ, ಸಾಧ್ಯವಿಲ್ಲ.

ಮೌಖಿಕವಾಗಿದ್ದ ಈ ವಿದ್ಯೆಗೆ ಅಕ್ಷರರೂಪವನ್ನು ಕೊಟ್ಟವರಲ್ಲಿ ಅಗ್ರಗಣ್ಯನು ಥಿಯೊಡೊರ್ ರೂಸ್‌ವೆಲ್ಟ್. ಅಮೆರಿಕದ ಉಪಾಧ್ಯಕ್ಷ ಪದವಿಗೆ ಚುನಾಯಿತನಾಗಿ, ಪ್ರಮಾಣವಚನವನ್ನು ಇನ್ನೂ ಸ್ವೀಕರಿಸದೆ ಇದ್ದ 1901ರ ಜನವರಿಯಲ್ಲಿ ಆತನು ಕೊಲರಾಡೋದ ಮೀಕರ್ ಎಂಬ ಊರಿಗೆ ಹೋಗಿ, ಜಾನ್ ಗಾಫ್ ಎಂಬ ವೃತ್ತಿಬೇಟೆಗಾರನ ಶಿಷ್ಯತ್ವವನ್ನು ವಹಿಸಿದನು. ಗಾಫನ ನಾಯಿಗಳಲ್ಲಿ ಜಾಡು ಹಿಡಿಯುವ ತಂಡವೊಂದು, ಎದುರಿಸಿ ಹೋರಾಡುವ ತಂಡ ಮತ್ತೊಂದು; ಜಿಂಕೆಗಳು ಹೇರಳವಾಗಿದ್ದ ಆ ಸೀಮೆಯಲ್ಲಿಯೂ ಅವು ಜಿಂಕೆಯ ಕಡೆಗೆ ತಲೆಯೆತ್ತಿಯೂ ನೋಡುತ್ತಿರಲಿಲ್ಲವೆಂಬುದನ್ನು ರೂಸ್‌ವೆಲ್ಟನು ಬೆರಗಿನಿಂದ ಗಮನಿಸಿದನು. ಸುಮಾರು ಐದು ವಾರಗಳಲ್ಲಿ ಅವರ ತಂಡವು 14 ಕೂಗರುಗಳನ್ನು ಕೊಂದಿತು. ಅವುಗಳಲ್ಲಿ 12 ರೂಸ್‌ವೆಲ್ಟನ ಪಾಲಿಗೆ ಬಂದುವು. ಫೆಬ್ರವರಿಯಲ್ಲಿ ಬಿದ್ದ ಅತಿ ದೊಡ್ಡ ಗಂಡು 8 ಅಡಿ ಉದ್ದ, 227 ಪೌಂಡು ತೂಕವಿದ್ದು, ಬಹುಕಾಲ ದಾಖಲೆಯಾಗಿ ಉಳಿಯಿತು. ನಾಯಿಗಳು ಹಿಡಿದಿಟ್ಟ ಕೆಲವು ಕೂಗರುಗಳನ್ನು ಆತನು ಚೂರಿಯಿಂದಲೇ ಇರಿದನು.

ಈ ವೀರಾವೇಶವನ್ನು ಬದಿಗಿಟ್ಟರೆ, ರೂಸ್‌ವೆಲ್ಟನ ಬರಹದಲ್ಲಿ ಬೆಲೆಯುಳ್ಳ ಭಾಗವು ಬೇರೆಯೇ ಇದೆ. ಆತನು ಪ್ರತಿಯೊಂದು ಪ್ರಾಣಿಯನ್ನೂ ಅಳೆದು ತೂಗಿದನು. ಜಠರವನ್ನು ಸೀಳಿ ಏನನ್ನು ತಿಂದಿತ್ತೆಂದು ನೋಡಿ, ಬಹುಮಟ್ಟಿಗೆ ಜಿಂಕೆಯೇ ಎಂದು ಬರೆದಿಟ್ಟನು. ತಲೆಬುರುಡೆಗಳನ್ನು ಪ್ರಾಣಿಶಾಸ್ತ್ರಜ್ಞನಾದ ಹಾರ್ಟ್ ಮೆರಿಯಮನಿಗೆ ಕಳುಹಿಸಿಕೊಟ್ಟನು. ಕೂಗರು ಸಾಧಾರಣವಾಗಿ ಮನುಷ್ಯನಿಂದ ದೂರ ಸರಿಯುವ ಪ್ರಾಣಿಯೆಂದು ಆತನು ಸ್ಪಷ್ಟವಾಗಿ ನುಡಿದುದು, ಅದರ ಕ್ರೌರ್ಯವನ್ನು ಕುರಿತು ಅಗ್ಗಿಷ್ಟಿಕೆಯ ಮುಂದೆ ಹೆಣೆಯಲ್ಪಡುತ್ತಿದ್ದ ಕಥೆಗಳಿಗೆ ಕೊಟ್ಟ ಉತ್ತರವೇ ಆಗಿದ್ದಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಮೆಕಿನ್ಲಿಯ ಹತ್ಯೆಯಿಂದಾಗಿ ಆತನು ರಾಷ್ಟ್ರಾಧ್ಯಕ್ಷನಾದನು. 1905ರಲ್ಲಿ ಕರಡಿಯ ಬೇಟೆಗೆಂದು ಮತ್ತೆ ಕೊಲರಾಡೋಗೆ ಹೋಗಿ ಹಿಂತಿರುಗುವಾಗ ಗಾಫನ ಸ್ಕಿಪ್ ಎಂಬ ಪುಟ್ಟ ನಾಯಿಯೊಂದು ಶ್ವೇತಭವನದ ನಿವಾಸಿಯಾಗಲು ಅವನ ಸಂಗಡ ಹೊರಟಿತು.

ರೂಸ್‌ವೆಲ್ಟನಿಗೆ ಈ ಬೇಟೆಯು ವಿನೋದ. ಬೆನ್ ಲಿಲ್ಲಿಗೆ ಇದೇ ತಪಸ್ಸು. 1856ರಲ್ಲಿ ಹುಟ್ಟಿದ ಈತನು ಲೂಸಿಯಾನಾದ ಜೌಗುಕಾಡುಗಳಿಂದ ಟೆಕ್ಸಸ್, ಮೆಕ್ಸಿಕೋಗಳನ್ನು ಹಾದು ನ್ಯೂ ಮೆಕ್ಸಿಕೋದ ಬೆಟ್ಟಗಳನ್ನು ಸೇರಿ, ಕುದುರೆಯ ಹಂಗಿಲ್ಲದೆ ಕಾಲ್ನಡೆಯಲ್ಲಿಯೇ ನಾಯಿಗಳ ಹಿಂದೆ ಅಲೆಯುತ್ತ, ಬಯಲಿನಲ್ಲಿ ಮಲಗುತ್ತ, ತಾನೇ ಬಡಿದು ಮಾಡಿದ ಚೂರಿಗಳನ್ನು ಧರಿಸುತ್ತ, ದನದ ಒಡೆಯರಿಗಾಗಿಯೂ ಸರಕಾರಕ್ಕಾಗಿಯೂ ಕೂಗರು ಕರಡಿಗಳನ್ನು ಕೊಂದು 1936ರಲ್ಲಿ ತೀರಿಕೊಂಡನು. ದೈವಭೀರುವಾದ ಲಿಲ್ಲಿಯು ಭಾನುವಾರ ಬೇಟೆಯಾಡುತ್ತಿರಲಿಲ್ಲ. ನಾಯಿಗಳು ಅಂದು ಮೃಗವನ್ನು ಮರಕ್ಕೇರಿಸಿದರೂ ಸೋಮವಾರದವರೆಗೆ ಕಾಯುತ್ತಿದ್ದನೆಂದು ಪ್ರತೀತಿ. ಪಾಪವೆಂದು ಅವನು ಬಗೆದುದು ಕೊಲೆಯನ್ನಲ್ಲ, ದಿನವನ್ನು.

ಹೀಗೆ ಬೇಟೆಯು ಉದ್ಯೋಗವಾದುದು ಇನಾಮಿನ ದೆಸೆಯಿಂದ. ಬಾಜಾ ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳು ಕೂಗರು ತಿಂದು ಉಳಿಸಿದ ಬೇಟೆಯ ಮಾಂಸವನ್ನು ತಾವೂ ಉಪಯೋಗಿಸುತ್ತಿದ್ದುದರಿಂದ ಅದನ್ನು ಕೊಲ್ಲಲು ಮನಸ್ಸು ಮಾಡದಿದ್ದಾಗ, 18ನೆಯ ಶತಮಾನದ ಜೆಸ್ಯೂಟ್ ಪಾದ್ರಿಗಳು ತಮ್ಮ ದನಗಳ ರಕ್ಷಣೆಗಾಗಿ, ಕೂಗರೊಂದನ್ನು ಕೊಂದವನಿಗೆ ಹೋರಿಯೊಂದನ್ನು ಕೊಡುವುದಾಗಿ ಸಾರಿದ್ದರು. ಮುಂದೆ ಕ್ಯಾಲಿಫೋರ್ನಿಯಾ ರಾಜ್ಯವು 1907ರಿಂದ 1963ರವರೆಗೆ ಇನಾಮು ಹಂಚಿತು. 12,000ಕ್ಕೂ ಮಿಕ್ಕ ಕೂಗರುಗಳ ಲೆಕ್ಕವು ಅದರ ಕಡತಗಳಲ್ಲಿ ಸೇರಿತು. ಸಂತತಿಯನ್ನು ಬೇರಿನಲ್ಲಿಯೇ ಕತ್ತರಿಸುವ ಉದ್ದೇಶದಿಂದ ಹೆಣ್ಣಿಗೆ ಗಂಡಿಗಿಂತ ಹೆಚ್ಚಿನ ಹಣವನ್ನು ಗೊತ್ತುಮಾಡಲಾಗಿತ್ತೆಂಬುದು ಗಮನಾರ್ಹ. ಆ ರಾಜ್ಯದ ಸಂಬಳದ ಬೇಟೆಗಾರನಾಗಿದ್ದ ಜೇ ಬ್ರೂಸನು ಈಲೈ ಎಂಬ ಮುಂದಾಳು ನಾಯಿಯ ಬಲದಿಂದ ಕೀರ್ತಿಯನ್ನು ಗಳಿಸಿ, ತನ್ನ ವೃತ್ತಿಜೀವನದಲ್ಲಿ 600ಕ್ಕೂ ಹೆಚ್ಚು ಕೂಗರುಗಳನ್ನು ಕೊಂದನು. 1906ರ ನವೆಂಬರಿನಲ್ಲಿ ರೂಸ್‌ವೆಲ್ಟನೇ ಘೋಷಿಸಿದ್ದ ಗ್ರ್ಯಾಂಡ್ ಕ್ಯಾನಿಯನ್ನಿನ ಮೃಗರಕ್ಷಿತ ಪ್ರದೇಶದಲ್ಲಿ, ಎಂದರೆ ಕೈಬಾಬ್ ಪ್ರಸ್ಥಭೂಮಿಯಲ್ಲಿ, ಜಿಮ್ ಓವೆನ್ಸ್ ಎಂಬಾತನು ರಕ್ಷಕನಾಗಿ ನೇಮಕಗೊಂಡು ಜಿಂಕೆಗಳ ಹಿತಕ್ಕಾಗಿ ನೂರಾರು ಕೂಗರುಗಳನ್ನು ನಿವಾರಿಸಿದನು. ಜಿಂಕೆಗಳು ಬೆಳೆದುವು, ಎಟುಕುವ ಹಸುರನ್ನೆಲ್ಲ ಮೇಯ್ದುವು, 1924ರ ಚಳಿಗಾಲದಿಂದ ಮೊದಲ್ಗೊಂಡು ಹಸಿವೆಯಿಂದ ಸಹಸ್ರ ಸಹಸ್ರವಾಗಿ ಸತ್ತುವು. ವನ್ಯಜೀವಿ ತಜ್ಞನಾದ ಆಲ್ಡೋ ಲಿಯೊಪಾಲ್ಡನು ಇದರಲ್ಲಿ ಹಿಂಸ್ರಮೃಗಗಳ ನಾಶದ ಫಲವನ್ನು ಕಂಡನು. ಕುರಿ ದನಗಳನ್ನು ಅಲ್ಲಿಂದ ಹೊರಹಾಕಿದುದೂ ಕಾರಣವಾಗಿರಬಹುದೆಂದು 1970ರಲ್ಲಿ ಗ್ರೇಮ್ ಕಾಗ್ಲಿ ಎಂಬ ವಿಜ್ಞಾನಿಯು ಆಕ್ಷೇಪಿಸಿದ ಮೇಲೆ ಆ ವಾದವು ಮೊದಲಿನಷ್ಟು ಸರಳವಾಗಿ ಉಳಿದಿಲ್ಲ.

ಇಷ್ಟು ಸಾವಿರ ಕೂಗರುಗಳನ್ನು ಕೊಂದವರಾರೂ ಅವು ಎಷ್ಟಿವೆಯೆಂಬುದನ್ನು ತಿಳಿದಿರಲಿಲ್ಲ. ಅದನ್ನು ತಿಳಿಯಲು ಹೊರಟ ಪ್ರಾಣಿಶಾಸ್ತ್ರಜ್ಞ ಮಾರಿಸ್ ಹಾರ್ನಾಕರನು 1964ರಲ್ಲಿ ಐಡಹೋದ ದುರ್ಗಮವಾದ ಬಿಗ್ ಕ್ರೀಕ್ ಕಣಿವೆಗೆ ಬಂದಾಗ, ಅವನಿಗೆ ದೊರೆತ ಗುರುವು ವಿಲ್ಬರ್ ವೈಲ್ಸ್ ಎಂಬ ಕೂಗರ್ ಬೇಟೆಗಾರನೇ. ಅದೇ ಹಿಮ, ಅದೇ ಹೆಜ್ಜೆ, ಜಿಂಕೆಯನ್ನು ಲೆಕ್ಕಿಸದ ಅದೇ ನಾಯಿಗಳು. ಮರದ ಬುಡದಲ್ಲಿ ಗುಂಡಿಗೆ ಬದಲಾಗಿ ಮಂಪರಿನ ಮದ್ದು. ಮೈಮರೆತ ಮೃಗವನ್ನು ಹಗ್ಗದಿಂದ ಇಳಿಸಿ, ಗುರುತು ಹಾಕಿ, ಎಚ್ಚರವಾದ ಮೇಲೆ ಬಿಟ್ಟುಬಿಡುತ್ತಿದ್ದರು. ಕೂಗರುಗಳು ತಮ್ಮತಮ್ಮ ಸೀಮೆಯನ್ನು ಹಂಚಿಕೊಂಡು ತಮ್ಮ ಸಂಖ್ಯೆಯನ್ನು ತಾವೇ ಮಿತಿಯಲ್ಲಿಟ್ಟುಕೊಳ್ಳುತ್ತವೆಯೆಂದೂ, ಅವುಗಳಿದ್ದರೂ ಆ ಕಣಿವೆಯ ಜಿಂಕೆ ಎಲ್ಕುಗಳು ಹೆಚ್ಚುತ್ತಲೇ ಇದ್ದುವೆಂದೂ ಈ ವ್ಯಾಸಂಗದಿಂದ ತಿಳಿಯಿತು. ಆ ಕೆಲಸವನ್ನು ಮುಂದುವರಿಸಿ ಕೂಗರುಗಳಿಗೆ ರೇಡಿಯೋ ಕೊರಳಪಟ್ಟಿಗಳನ್ನು ತೊಡಿಸಿದ ಜಾನ್ ಸೈಡೆನ್‌ಸ್ಟಿಕರನು ತರುವಾಯ ನೇಪಾಳದ ಚಿತ್ವನಕ್ಕೆ ಹುಲಿಗಳ ಅಧ್ಯಯನಕ್ಕಾಗಿ ತೆರಳಿದನು. ಅಲ್ಲಿ ಆನೆಗಳಿಂದ ಸೋಯಿಸಿ, ಬಿಳಿಯ ಬಟ್ಟೆಯ ಗೋಡೆಗಳ ನಡುವೆ ಹುಲಿಯನ್ನು ನಡೆಸುವ ರಾಣಾ ದೊರೆಗಳ ಕಾಲದ ಬೇಟೆಯ ಉಪಾಯವೇ ವಿಜ್ಞಾನಿಗಳ ಕೈಗೆ ಬಂದಿತು. ಚಿತ್ವನದಲ್ಲಿ ದುಡಿದಿದ್ದ ಮೆಲ್ ಸನ್‌ಕ್ವಿಸ್ಟರ ನೆರವಿನಿಂದ 1990ರಲ್ಲಿ ಉಲ್ಲಾಸ ಕಾರಂತರು ನಮ್ಮ ನಾಗರಹೊಳೆಯಲ್ಲಿ ಹುಲಿಗೆ ರೇಡಿಯೋ ಪಟ್ಟಿ ತೊಡಿಸಿದಾಗಲೂ ಇದೇ ಕ್ರಮವನ್ನು ಅನುಸರಿಸಿದರು.

ಕಾನೂನೂ ಈ ಮಧ್ಯೆ ತಿರುಗಿತು. ಕೊಲರಾಡೋ 1965ರಲ್ಲಿ ಇನಾಮನ್ನು ನಿಲ್ಲಿಸಿತು. 1990ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಕೂಗರ್ ಬೇಟೆಯನ್ನೇ ನಿಷೇಧಿಸಿದರು. ಆರೆಗನ್ನಿನವರು 1994ರಲ್ಲಿಯೂ ವಾಷಿಂಗ್ಟನ್ ರಾಜ್ಯದವರು 1996ರಲ್ಲಿಯೂ ನಾಯಿಗಳನ್ನು ಬಿಟ್ಟು ಆಡುವ ಬೇಟೆಯನ್ನು ತಡೆದರು. ಬೇಟೆಯು ಉಳಿದಿರುವ ಕೊಲರಾಡೋದಲ್ಲಿ ಹೊಸಬನು ಪರೀಕ್ಷೆಯೊಂದರಲ್ಲಿ ತೇರ್ಗಡೆಯಾಗದೆ ಪರವಾನಗಿ ದೊರೆಯದು. ಮರದ ಮೇಲಿರುವ ಪ್ರಾಣಿಯು ಗಂಡೋ ಹೆಣ್ಣೋ ಎಂಬುದನ್ನು ಬಾಲದ ಬುಡದ ಕೆಳಗೆ ಗಂಡಿಗೆ ಮಾತ್ರ ಇರುವ ಕರಿಯ ಬೊಟ್ಟಿನಿಂದ ಗುರುತಿಸುವುದು ಆ ಪರೀಕ್ಷೆಯ ಮುಖ್ಯವಾದ ವಿಷಯ. ಕೂಗರಿಗೆ ಈಯುವ ಋತುವೆಂಬುದು ನಿಯತವಾಗಿಲ್ಲ, ವರ್ಷದ ಯಾವ ತಿಂಗಳಿನಲ್ಲಿಯೂ ಮರಿಗಳಿರಬಹುದು. ಒಂಟಿಯಾಗಿ ಕಂಡ ಹೆಣ್ಣಿಗೂ ಯಾವುದೋ ಬಂಡೆಯ ಸಂದಿಯಲ್ಲಿ ಮರಿಗಳಿರಬಹುದಾದುದರಿಂದ, ಹೆಣ್ಣೆಂದು ತಿಳಿದರೆ ನಾಯಿಗಳನ್ನು ಕಟ್ಟಿಕೊಂಡು ಹಿಂತಿರುಗುವುದೇ ಲೇಸೆಂದು ಈಗಿನ ಉಪದೇಶ. ಹೆಣ್ಣಿಗೆ ಹೆಚ್ಚು ಹಣ ಸಲ್ಲುತ್ತಿದ್ದ ಕಾಲದ ಬೇಟೆಗಾರನು ಇದನ್ನು ಕೇಳಿದ್ದರೆ ನಗುತ್ತಿದ್ದನೇನೋ.

ಹಳೆಯ ವಿದ್ಯೆಗೆ ಅತ್ಯಂತ ವಿಸ್ಮಯಕರವಾದ ಕೆಲಸವು ದೊರೆತುದು ಫ್ಲಾರಿಡಾದಲ್ಲಿ. ಪೂರ್ವಭಾಗದ ರಾಜ್ಯಗಳಲ್ಲೆಲ್ಲ ಕೂಗರು ಅಳಿದುಹೋಗಿ, ಅಲ್ಲಿಯ ಜೌಗುನಾಡಿನಲ್ಲಿಯಾದರೂ ಉಳಿದಿದೆಯೋ ಇಲ್ಲವೋ ಎಂದು ಸಂದೇಹವಿದ್ದಾಗ, ಟೆಕ್ಸಸಿನ ಕುರಿಗಾಹಿಗಳಿಗಾಗಿ ಕೂಗರುಗಳನ್ನು ಕೊಲ್ಲುವುದರಲ್ಲಿ ನುರಿತಿದ್ದ ರಾಯ್ ಮೆಕ್‌ಬ್ರೈಡನನ್ನು ಕರೆಸಲಾಯಿತು. 1973ರಲ್ಲಿ ಅವನ ನಾಯಿಗಳು ಗ್ಲೇಡ್ಸ್ ಜಿಲ್ಲೆಯಲ್ಲಿ ಮುದಿ ಹೆಣ್ಣೊಂದನ್ನು ಮರಕ್ಕೇರಿಸಿ ಸಂದೇಹವನ್ನು ತೀರಿಸಿದುವು. ಉಳಿದಿದ್ದ ಇಪ್ಪತ್ತು ಮೂವತ್ತು ಪ್ರಾಣಿಗಳು ರಕ್ತಸಂಬಂಧದ ಕೂಟದಿಂದ ಕ್ಷೀಣಿಸುತ್ತಿದ್ದಾಗ, ಹೊಸ ರಕ್ತವನ್ನು ಸೇರಿಸಲೆಂದು ಟೆಕ್ಸಸಿನಿಂದ ಎಂಟು ಹೆಣ್ಣು ಕೂಗರುಗಳನ್ನು ಹಿಡಿದುತಂದವನೂ ಅವನೇ. 1995ರಲ್ಲಿ ಬಿಟ್ಟ ಆ ಎಂಟರಲ್ಲಿ ಐದು ಮರಿಹಾಕಿದುವು, ವಂಶವು ಚೇತರಿಸಿಕೊಂಡಿತು. ಅವುಗಳ ಕೆಲಸವು ಮುಗಿದುದರಿಂದ, ಬದುಕಿ ಉಳಿದಿದ್ದ ಟೆಕ್ಸಸಿನ ಹೆಣ್ಣುಗಳನ್ನು 2003ರ ವೇಳೆಗೆ ಹಿಡಿದು ಆ ಕಾಡಿನಿಂದ ಹೊರಕ್ಕೆ ಸಾಗಿಸಲಾಯಿತು.