ಗಣಿ ಕಾರ್ಮಿಕರು ಕಟ್ಟಿದ ಪುಟಾಣಿ ಕಾರು: ಆಸ್ಟಿನ್ ಜೆ-40

ಮಕ್ಕಳ ಹಳೆಯ ಪೆಡಲ್ ಕಾರುಗಳನ್ನು ಸಂಗ್ರಹಿಸುವವರ ವಲಯದಲ್ಲಿ ಬ್ರಿಟನ್ನಿನ ಆಸ್ಟಿನ್ ಜೆ-40ಕ್ಕೆ ವಿಶೇಷ ಸ್ಥಾನವಿದೆ. 1949ರಿಂದ 1971ರವರೆಗೆ ಸೌತ್ ವೇಲ್ಸ್‌ನ ಬಾರ್ಗೋಯ್ಡ್ ಪಟ್ಟಣದಲ್ಲಿ ಇಂತಹ 32,098 ಕಾರುಗಳು ತಯಾರಾದವು. ಅವುಗಳನ್ನು ಜೋಡಿಸಿದವರು ಆಟಿಕೆ ತಯಾರಿಕೆಯಲ್ಲಿ ಪಳಗಿದವರಲ್ಲ. ಕಲ್ಲಿದ್ದಲ ದೂಳಿನಿಂದ ಶ್ವಾಸಕೋಶ ಕೆಟ್ಟು ಗಣಿಯಿಂದ ಹೊರಬಿದ್ದವರು.

ನ್ಯುಮೋಕೋನಿಯೋಸಿಸ್ ಎಂಬ ಈ ಕಾಯಿಲೆ ಕೋಲಾರದ ಚಿನ್ನದ ಗಣಿ ಕಾರ್ಮಿಕರನ್ನು ಕಾಡಿದ ಸಿಲಿಕೋಸಿಸ್‌ನ ಜಾತಿಗೇ ಸೇರಿದ್ದು. ದೂಳು ಒಮ್ಮೆ ಶ್ವಾಸಕೋಶದಲ್ಲಿ ನೆಲೆಯೂರಿದರೆ ವಾಸಿ ಮಾಡುವ ಮದ್ದಿಲ್ಲ. ವೇಲ್ಸ್‌ನ ಕಣಿವೆಗಳಲ್ಲಿ ಗಣಿ ಬಿಟ್ಟರೆ ಬೇರೆ ಉದ್ಯೋಗವೂ ವಿರಳವಾಗಿತ್ತು. ಲಿಯೊನಾರ್ಡ್ ಲಾರ್ಡ್ ನೇತೃತ್ವದ ಆಸ್ಟಿನ್ ಕಂಪನಿಯು ಸರ್ಕಾರದ ನೆರವಿನೊಡನೆ ಇಂಥವರಿಗಾಗಿಯೇ ಲಾಭದ ಉದ್ದೇಶವಿಲ್ಲದ ಕಾರ್ಖಾನೆಯೊಂದನ್ನು ತೆರೆಯಿತು. ಲಾಂಗ್‌ಬ್ರಿಡ್ಜ್‌ನಲ್ಲಿದ್ದ ದೊಡ್ಡ ಕಾರ್ಖಾನೆಯಲ್ಲಿ ನಿಜವಾದ ಕಾರುಗಳಿಗೆ ಕತ್ತರಿಸಿ ಉಳಿದ ಉಕ್ಕಿನ ತಗಡೇ ಇಲ್ಲಿನ ಕಚ್ಚಾವಸ್ತು.

ಮೊದಲು ತಯಾರಾದದ್ದು ರೇಸ್ ಕಾರನ್ನು ಹೋಲುವ ಪಾತ್‌ಫೈಂಡರ್. ಅದರ ಆಯುಷ್ಯ ಅಲ್ಪ. ಇಂದು ಅದು ಅಪರೂಪವಾಗಿರುವುದೂ ಅದೇ ಕಾರಣಕ್ಕೆ. ಬಹುಕಾಲ ಬಾಳಿದ್ದು ಆಸ್ಟಿನ್ ಎ40 ಕಾರಿನ ಚಹರೆಯುಳ್ಳ ಜೆ-40. ಬಾನೆಟ್ ಎತ್ತಿದರೆ ಒಳಗೆ ಸ್ಪಾರ್ಕ್ ಪ್ಲಗ್ ಸಹಿತ ತೋರಿಕೆಯ ಎಂಜಿನ್, ಹಿಂದೆ ತೆರೆಯಬಹುದಾದ ಡಿಕ್ಕಿ, ಬ್ಯಾಟರಿಯಿಂದ ಬೆಳಗುವ ದೀಪಗಳು, ಕೂಗುವ ಹಾರ್ನ್, ಗಾಳಿ ತುಂಬುವ ಡನ್‌ಲಪ್ ಟೈರು, ಕ್ರೋಮ್ ಲೇಪಿಸಿದ ಗ್ರಿಲ್. ಆಟಿಕೆಯೆಂದು ಕರೆಯಲು ಸಂಕೋಚವಾಗುವಷ್ಟು ಅಚ್ಚುಕಟ್ಟು! ಬೆಲೆಯೂ ಅದಕ್ಕೆ ತಕ್ಕಂತೆ, ಸಾಮಾನ್ಯ ಕಾರ್ಮಿಕನ ವಾರದ ಕೂಲಿಯ ಹಲವು ಪಟ್ಟು. ಕಟ್ಟಿದವರ ಮನೆಯಂಗಳಕ್ಕೆ ಅದು ಸುಲಭವಾಗಿ ಬರುವಂಥದ್ದಾಗಿರಲಿಲ್ಲ.

ಉಕ್ಕಿನ ಗಟ್ಟಿತನದಿಂದಾಗಿ ಜಾತ್ರೆಗಳ ಮೆರ್ರಿ-ಗೋ-ರೌಂಡ್‌ನವರೂ ಈ ಕಾರನ್ನು ಮೆಚ್ಚಿದರು. ಮಕ್ಕಳಿಗೆ ರಸ್ತೆ ಸುರಕ್ಷತೆ ಕಲಿಸುವುದಕ್ಕೂ ಅದು ಬಳಕೆಯಾಯಿತು. ಹಾಗಾಗಿ ಸಂಗ್ರಾಹಕನ ಕೈಸೇರುವ ಪ್ರತಿಯೊಂದು ಕಾರೂ ಮನೆಯಲ್ಲಿ ಜೋಪಾನವಾಗಿ ಬೆಳೆದದ್ದೆಂದು ಭಾವಿಸುವಂತಿಲ್ಲ. ಜಾತ್ರೆಯಲ್ಲಿ ದುಡಿದ ಕಾರಿಗೆ ಪದರದ ಮೇಲೆ ಪದರ ಬಣ್ಣ ಬಿದ್ದಿರುತ್ತದೆ, ಪೆಡಲ್‌ಗಳೇ ಮಾಯವಾಗಿರಬಹುದು. ತುಕ್ಕು ಸಾಮಾನ್ಯವಾಗಿ ತಳದ ತಗಡಿನಿಂದ ಆರಂಭವಾಗುವುದರಿಂದ ಕೊಳ್ಳುವ ಮುನ್ನ ಕಾರನ್ನು ಮಗುಚಿ ನೋಡುವುದು ಲೇಸು.

ನಿಜವಾದ ವಿವಾದವಿರುವುದು ದುರಸ್ತಿಯ ವಿಷಯದಲ್ಲಿ. ಜೆ-40ರ ಬಹುತೇಕ ಬಿಡಿಭಾಗಗಳನ್ನು ಈಗ ಹೊಸದಾಗಿ ತಯಾರಿಸಲಾಗುತ್ತಿದೆ. ಇವನ್ನೆಲ್ಲ ಜೋಡಿಸಿ, ಬಣ್ಣ ಕೆರೆದು ಮರುಲೇಪಿಸಿದರೆ ಕಾರು ಥಳಥಳಿಸುತ್ತದೆ, ನಿಜ. ಆದರೆ ಬಾರ್ಗೋಯ್ಡ್‌ನ ಕೈಗಳು ಮಾಡಿದ ಕೆಲಸದ ಗುರುತು ಉಳಿಯುವುದು ಎಲ್ಲಿ? ಮೂಲ ಬಣ್ಣ ಮುಕ್ಕಾಲು ಭಾಗ ಉಳಿದಿದ್ದರೆ ಅದನ್ನು ಮುಟ್ಟದಿರುವುದೇ ಉತ್ತಮ. ಕೊಳೆ ತೊಳೆದು, ತುಕ್ಕು ಹರಡದಂತೆ ತಡೆದರೆ ಸಾಕು. ಕೆರೆದ ಬಣ್ಣವನ್ನು ಮತ್ತೆ ಅಂಟಿಸಲಾಗದು.

2012ರಿಂದ ಇಂಗ್ಲೆಂಡಿನ ಗುಡ್‌ವುಡ್ ರಿವೈವಲ್ ಉತ್ಸವದಲ್ಲಿ ಸೆಟ್ರಿಂಗ್‌ಟನ್ ಕಪ್ ಹೆಸರಿನ ಓಟದಲ್ಲಿ ಮಕ್ಕಳು ಇವೇ ಕಾರುಗಳನ್ನು ತುಳಿಯತೊಡಗಿದ ಬಳಿಕ ಹೊಸ ತಲೆಮಾರಿಗೂ ಜೆ-40ರ ಪರಿಚಯವಾಯಿತು. ಬಾರ್ಗೋಯ್ಡ್‌ನ ಕಾರ್ಖಾನೆ ಮಾತ್ರ 1971ರ ನಂತರ ದೊಡ್ಡ ಕಾರುಗಳ ಬಿಡಿಭಾಗ ತಯಾರಿಸುತ್ತಾ ಮುಂದುವರಿದು, 1999ರಲ್ಲಿ ಬಾಗಿಲು ಮುಚ್ಚಿತು.