ಅಳತೆಗೆ ತಕ್ಕ ಫ್ರೇಮು, ಆಯದ ಕಾಳು

ನಿವೃತ್ತರಾದವರು ಹಿತ್ತಲ ಶೆಡ್ಡಿನಲ್ಲಿ ಉಕ್ಕಿನ ಕೊಳವೆಗಳನ್ನು ಹಿತ್ತಾಳೆಯಿಂದ ಬೆಸೆದು, ಸವಾರನ ಕಾಲು ತೋಳುಗಳ ಅಳತೆಗೆ ಸೈಕಲ್ ಫ್ರೇಮು ಕಟ್ಟುವ ಹವ್ಯಾಸ ಇಂಗ್ಲೆಂಡ್, ಅಮೆರಿಕಗಳದು. ಚಿತ್ರದುರ್ಗದ ಬಯಲುಸೀಮೆಗೆ ಅದರ ಗೊಡವೆ ಏಕೆ ಎನ್ನಬಹುದು. ಆದರೆ ಆ ಹವ್ಯಾಸದ ಜೀವಾಳ ಇಲ್ಲಿ ಹಳೆಯದು. ಹಿರಿಯೂರಿನ ಎರೆ ಹೊಲಕ್ಕೂ ಹೊಳಲ್ಕೆರೆ, ಹೊಸದುರ್ಗದ ಕೆಂಪು ಮಣ್ಣಿಗೂ ಒಂದೇ ನೇಗಿಲು ಒಗ್ಗುತ್ತಿರಲಿಲ್ಲ. ಜೋಡೆತ್ತಿನ ಹೆಗಲು ನೋಡಿ ನೊಗ, ಉಳುವವನ ಕೈ ನೋಡಿ ಮೇಳಿ, ಬೆಳೆ ನೋಡಿ ಕೂರಿಗೆ. ಬಡಗಿ, ಕಮ್ಮಾರರಿಗೆ ಇದೆಲ್ಲ ಸಾಧ್ಯವಾದದ್ದು ಕೈಚಳಕದಿಂದಷ್ಟೇ ಅಲ್ಲ. ಆಯಗಾರರಾಗಿದ್ದ ಅವರಿಗೆ ಸುಗ್ಗಿಯಲ್ಲಿ ಕಣದಿಂದಲೇ ಕಾಳು ಸಲ್ಲುತ್ತಿತ್ತು. ಕೂಲಿ ಒಂದೊಂದು ವಸ್ತುವಿನ ಲೆಕ್ಕಕ್ಕೆ ಸಿಕ್ಕಿಕೊಳ್ಳದ ಕಾರಣ ಅಳತೆ ಕೂಡುವವರೆಗೆ ತಿದ್ದಲು ಬಿಡುವಿತ್ತು. ಸಂತೆಯ ಸರಕಿನ ದಾರಿ ಬೇರೆ. 1800ರ ಸುಮಾರಿಗೆ ಈ ಸೀಮೆಯಲ್ಲಿ ಓಡಾಡಿ 1807ರಲ್ಲಿ ಪುಸ್ತಕ ಪ್ರಕಟಿಸಿದ ಫ್ರಾನ್ಸಿಸ್ ಬುಕಾನನ್ ವಿವರಿಸಿರುವ, ಹೊಸದುರ್ಗ ಸೀಮೆಯ ಮತ್ತೋಡಿನ ಗಾಜಿನ ಬಳೆಗಳು ಮಾರಾಟಕ್ಕೆಂದೇ ಆದವು.

ಸೈಕಲ್ ನಮ್ಮಲ್ಲಿಗೆ ಬಂದದ್ದು ಸಂತೆಯ ದಾರಿಯಿಂದ. ಇಂಗ್ಲೆಂಡಿನಲ್ಲಿ ಕಾರ್ಖಾನೆಗಳ ಪಕ್ಕದಲ್ಲೇ ಸಣ್ಣ ಫ್ರೇಮುಗಾರರೂ ಉಳಿದರು. 1935ರಲ್ಲಿ ಬಂದ ರೆನಾಲ್ಡ್ಸ್ 531 ಕೊಳವೆ ಅವರ ಕೈಗೂ ಸಿಗುತ್ತಿತ್ತು. ಇಲ್ಲಿಗೆ 1949ರ ಟಿಐ, 1951ರ ಅಟ್ಲಾಸ್, 1956ರ ಹೀರೋ ತಂದದ್ದು ಸಿದ್ಧ ಸೈಕಲ್ಲನ್ನು. ಸೀಟಿನ ಕಂಬ ಏರಿಸಬಹುದು, ಮೇಲ್ಗೊಳವೆಯ ಉದ್ದ ಬದಲಾಗದು. ನಮ್ಮೂರ ಸೈಕಲ್ ಶಾಪುಗಳು ಚಕ್ರದ ಡೊಂಕು ತಿದ್ದಿದವು, ಕ್ಯಾರಿಯರ್ ಬಲಪಡಿಸಿದವು. ಫ್ರೇಮಿನ ಹುಟ್ಟು ಮಾತ್ರ ದೂರದ ಕಾರ್ಖಾನೆಯಲ್ಲೇ ಉಳಿಯಿತು.

ಸಿದ್ಧ ಸೈಕಲ್ ಅಗ್ಗವಾದ್ದರಿಂದಲೇ ಬಡವರ ಮನೆ ಸೇರಿತಲ್ಲವೇ? ಹೌದು, 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿದ್ದು ಅಳತೆಯ ಕೆಲಸದಿಂದ ಆಗುವಂಥದ್ದಲ್ಲ. ಇನ್ನೂ ಗಟ್ಟಿಯಾದ ಆಕ್ಷೇಪವಿದೆ: ಆಯ ಜಾತಿಗೆ ಕಟ್ಟಿದ ದುಡಿಮೆ, ಒಲ್ಲೆ ಎನ್ನುವ ಹಕ್ಕು ಕಮ್ಮಾರನಿಗಿರಲಿಲ್ಲ, ಕಾಳಿನ ಪಾಲು ರೈತನ ಮರ್ಜಿಯದು. ಅದನ್ನು ಹವ್ಯಾಸದ ಅಜ್ಜ ಎನ್ನುವುದು ಅನ್ಯಾಯವೆಂದರೆ ನಾನು ಒಪ್ಪುತ್ತೇನೆ. ನನ್ನ ವಾದ ಆ ವ್ಯವಸ್ಥೆ ಮರಳಲಿ ಎಂದಲ್ಲ. ಅಳತೆಯ ಕೆಲಸಕ್ಕೆ ಬೇಕಾದದ್ದು ಹೊಟ್ಟೆಪಾಡಿನ ಅವಸರವಿಲ್ಲದ ಹೊತ್ತು. ಅಂದು ಅದು ಬಂದದ್ದು ಕಣದಿಂದ, ಜೊತೆಗೆ ಸಂಕೋಲೆಯೂ ಬಂತು. ಇಂದು ಪಿಂಚಣಿ ಪಡೆಯುವ ಐಟಿಐ ಶಿಕ್ಷಕನಿಗೆ ಅದೇ ಹೊತ್ತು ಸಂಕೋಲೆಯಿಲ್ಲದೆ ಒದಗಿದೆ. ಬೆಸುಗೆ ಅವನಿಗೆ ಗೊತ್ತು. ಒಂದು ಫ್ರೇಮಿಗೆ ತಿಂಗಳು ಹಿಡಿದರೂ ಅವನ ಮನೆಯ ಒಲೆ ಆರುವುದಿಲ್ಲ.