ಯಕೃತ್ತಿನ ಹುಳುವಿನ ಕತ್ತರಿ

ಜೌಗು ನೆಲದ ಒಂದು ಗಿಡವನ್ನು ತಿಂದರೆ ಕುರಿಯ ಯಕೃತ್ತು ಕೊಳೆಯುತ್ತದೆ ಎಂದು ಫ್ರಾನ್ಸಿನ ಕುರಿಗಾಹಿ ಜ್ಯಾಂ ದ ಬ್ರೀ 1379ರ ತನ್ನ ಗ್ರಂಥದಲ್ಲಿ ಹೇಳಿದ್ದ. ಜೌಗು ನೆಲದ ಮೇಲಿನ ಅವನ ಗುಮಾನಿ ಸರಿಯಾಗಿತ್ತು. ತಪ್ಪು ಮಾತ್ರ ಗಿಡದ್ದಲ್ಲ. ರೋಗ ತರುವುದು ಲಿವರ್ ಫ್ಲೂಕ್ ಎಂಬ ಎಲೆಯಾಕಾರದ ಚಪ್ಪಟೆ ಹುಳು. 1879-80ರ ಮಳೆಯ ವರ್ಷಗಳಲ್ಲಿ ಇದು ಇಂಗ್ಲೆಂಡಿನಲ್ಲಿ ಸುಮಾರು 30 ಲಕ್ಷ ಕುರಿಗಳನ್ನು ಬಲಿ ತೆಗೆದುಕೊಂಡಿತು. ಅದಾದ ಮೇಲೆಯೇ ಆಕ್ಸ್‌ಫರ್ಡಿನ ಥಾಮಸ್ ಮತ್ತು ಲೈಪ್‌ಜಿಗ್‌ನ ಲ್ಯೂಕಾರ್ಟ್ ಗುಟ್ಟು ಬಯಲು ಮಾಡಿದರು: ಹುಳುವಿನ ಮರಿ ಜೌಗಿನ ಪುಟ್ಟ ಬಸವನಹುಳುವಿನಲ್ಲಿ ಬೆಳೆದು, ಹುಲ್ಲಿಗಂಟಿ, ದನಕುರಿಗಳ ಹೊಟ್ಟೆ ಸೇರುತ್ತದೆ.

ಅಲ್ಲಿಂದ ಅದು ಕರುಳನ್ನು ಕೊರೆದು ಯಕೃತ್ತಿಗೆ ನುಗ್ಗುತ್ತದೆ. ಎರಡು-ಮೂರು ಸೆಂಟಿಮೀಟರ್ ಬೆಳೆಯುವ ಈ ಪರಕೀಯನನ್ನು ಹಸುವಿನ ದೇಹ ತಿಂಗಳುಗಟ್ಟಲೆ ಸಹಿಸುವುದಾದರೂ ಹೇಗೆ?

ಉತ್ತರದ ಒಂದು ಎಳೆ 1990ರ ದಶಕದಲ್ಲಿ ಸಿಕ್ಕಿತು. ಹುಳು ಕ್ಯಾಥೆಪ್ಸಿನ್ ಎಲ್ ಎಂಬ ಕಿಣ್ವವನ್ನು ಸುರಿಸುತ್ತದೆ. ಅಂಗಾಂಶವನ್ನು ಕರಗಿಸಿ ದಾರಿ ಮಾಡಿಕೊಳ್ಳಲು, ರಕ್ತವನ್ನು ಜೀರ್ಣಿಸಿಕೊಳ್ಳಲು ಬೇಕಾದ ಕಿಣ್ವ ಅದು. ಆದರೆ ಅದಕ್ಕೆ ಇನ್ನೊಂದು ಕೆಲಸವೂ ಇದೆ. ದೇಹದ ಪ್ರತಿಕಾಯಗಳು ಇಂಗ್ಲಿಷಿನ 'ವೈ' ಅಕ್ಷರದಂತಿವೆ. ಎರಡು ತೋಳು ಶತ್ರುವನ್ನು ಹಿಡಿದರೆ, ಕೆಳಗಿನ ಕಾಂಡವನ್ನು ಬಿಳಿರಕ್ತಕಣ ಹಿಡಿದು ದಾಳಿ ಮಾಡುತ್ತದೆ. ಕಿಣ್ವ ಕತ್ತರಿಸುವುದು ತೋಳು-ಕಾಂಡ ಕೂಡುವ ಕಡೆಯೇ! ಬಿಳಿರಕ್ತಕಣಕ್ಕೆ ಹಿಡಿಯಲು ಹಿಡಿಕೆಯೇ ಇಲ್ಲ. ಕಿಣ್ವವಿದ್ದ ಕಡೆ ಈ ಕಣಗಳು ಎಳೆಯ ಹುಳುವಿಗೆ ಅಂಟಿಕೊಳ್ಳಲಾರವು ಎಂಬುದು 1993ರ ಪ್ರಯೋಗದಲ್ಲಿ ಕಂಡುಬಂತು.

ಹಾಗಾದರೆ ಕಿಣ್ವವನ್ನೇ ಲಸಿಕೆಯಾಗಿ ಕೊಟ್ಟರೆ? ಡಬ್ಲಿನ್‌ನ ಜಾನ್ ಡಾಲ್ಟನ್ ಮತ್ತು ಸಂಗಡಿಗರು ದನಗಳ ಮೇಲೆ ಪ್ರಯೋಗಿಸಿದರು. ಹುಳುವಿನ ಹಿಮೋಗ್ಲೋಬಿನ್ ಸೇರಿಸಿದ ಲಸಿಕೆ ಹುಳುಗಳ ಸಂಖ್ಯೆಯನ್ನು ಶೇ. 72ರಷ್ಟು ತಗ್ಗಿಸಿತೆಂದು 1996ರಲ್ಲಿ ವರದಿ ಮಾಡಿದರು. ಮಾರುಕಟ್ಟೆಗೆ ಲಸಿಕೆ ಇಂದಿಗೂ ಬಂದಿಲ್ಲ. ಟ್ರೈಕ್ಲಾಬೆಂಡಜೋಲ್ ಔಷಧಕ್ಕೆ ಬಗ್ಗದ ಹುಳುಗಳು ಮಾತ್ರ ಹಲವು ದೇಶಗಳಲ್ಲಿ ಬಂದಿವೆ.

ಹುಳುವಿನ ಕೈಚಳಕ ಅದರ ಸ್ವಂತ ರಕ್ಷಣೆಗಷ್ಟೇ ನಿಲ್ಲುವುದಿಲ್ಲ. ಅದು ಸ್ರವಿಸುವ ವಸ್ತುಗಳು, ಈ ಕಿಣ್ವವೂ ಸೇರಿ, ಬ್ಯಾಕ್ಟೀರಿಯಾ ವಿರುದ್ಧದ ಪ್ರತಿಕ್ರಿಯೆಯನ್ನೂ ಮಂಕಾಗಿಸುತ್ತವೆ ಎಂದು ಇಲಿಗಳ ಪ್ರಯೋಗ ತಿಳಿಸಿತು. ದನದ ಕ್ಷಯ ಪರೀಕ್ಷೆಯಲ್ಲಿ ಕುತ್ತಿಗೆಯ ಚರ್ಮಕ್ಕೆ ಚುಚ್ಚಿ, 3 ದಿನದ ನಂತರ ಬಾವು ಅಳೆಯುತ್ತಾರೆ. ಹುಳುವಿರುವ ಹಸುವಿನಲ್ಲಿ ಬಾವು ಕಿರಿದು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಹಾಲಿನ ಹಿಂಡುಗಳಲ್ಲಿ ಸುಮಾರು ಮೂರನೇ ಒಂದರಷ್ಟು ಕ್ಷಯ ಹೀಗೆ ಪರೀಕ್ಷೆಯ ಕಣ್ಣು ತಪ್ಪಿಸುತ್ತಿರಬಹುದೆಂದು 2012ರ ಅಧ್ಯಯನ ಅಂದಾಜಿಸಿತು. ಭಾರತದ ದನ, ಎಮ್ಮೆಗಳಲ್ಲಿ ಹೆಚ್ಚಾಗಿರುವುದು ಈ ಹುಳುವಿನ ದೊಡ್ಡ ದಾಯಾದಿ, ಫ್ಯಾಸಿಯೋಲಾ ಜೈಗ್ಯಾಂಟಿಕ. ಅದರ ಬಳಿಯೂ ಇದೇ ಬಗೆಯ ಕತ್ತರಿಯಿದೆ.